ಹಡಗಿನಲ್ಲಿ ಸಂಜಿ ದೀಪ

ಹೋದ ಜೂನ್‌ನಲ್ಲಿ ಅವ್ವನನ್ನು ನಾರ್ವೆಯ ಉತ್ತರ ತುದಿಗೆ ಹೋಗುವ ಹಡಗು ಹತ್ತಿಸಿದ್ದೆ. ನಡುವೆ ಎರಡು ದಿನ ಯಾವ ಬಂದರೂ ಇಲ್ಲ, ಬರೀ ಸಮುದ್ರ. ನನಗೆ ಅಳುಕಿದ್ದದ್ದೇ ಅಲ್ಲಿ. ಬಾಗಲಕೋಟೆಯ ನಮ್ಮ ಹಳೇ ಮನೆ ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿ, ನವನಗರಕ್ಕೆ ಬಂದ ಮೇಲೆ ಅವ್ವ ಆ ನೀರಿನ ಕಡೆ ತಿರುಗಿಯೂ ನೋಡಿದವಳಲ್ಲ.

ಇಲ್ಲಿ ಮೊದಲ ದಿನವೇ ಡೆಕ್ ಮೇಲೆ ಕುರ್ಚಿ ಹಿಡಿದು ಕೂತಳು ನೋಡಿ! ಇಳಕಲ್ ಸೀರೆ, ಮೇಲೆ ನನ್ನ ಜಾಕೆಟ್. ಪಕ್ಕದಲ್ಲಿ ಸ್ವೆಟರ್ ಹೆಣೆಯುತ್ತಿದ್ದ ಅಜ್ಜಿಯೊಬ್ಬಳು ಕೆಂಪು ಟೋಪ ತೆನಿ ಸೆರಗನ್ನು ಮುಟ್ಟಿ ನೋಡಿದಳು. ಒಡಲಿನ ಹಾಸು, ಸೆರಗಿನ ರೇಷ್ಮೆ ಹಾಸು ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಸೇರಿಸುವುದನ್ನು ಅವ್ವ ಬೆರಳಾಡಿಸುತ್ತ ಅಪ್ಪಟ ಕನ್ನಡದಲ್ಲೇ ವಿವರಿಸಿದಳು. ಅಜ್ಜಿಗೆ ತಿಳಿಯಿತು! (ನನಗೆ ಇಂದಿಗೂ ಪೂರ್ತಿ ತಿಳಿದಿಲ್ಲ.)

ಆರ್ಕ್ಟಿಕ್ ವೃತ್ತ ದಾಟಿದ ಮೇಲೆ ಸೂರ್ಯ ಮುಳುಗಲೇ ಇಲ್ಲ. "ಸಂಜಿ ದೀಪ ಯಾವಾಗ ಹಚ್ಚೂದು?" ಅಂದಳು. ಹಡಗಿನಲ್ಲಿ ದೀಪ ಹಚ್ಚುವಂತೆಯೂ ಇಲ್ಲ ಬಿಡಿ. ಬೇಸಿಗೆಯಲ್ಲಿ ನಾರ್ವೆಯ ಗಡಿಯಾರ ನಮಗಿಂತ ಮೂರೂವರೆ ತಾಸು ಹಿಂದೆ. ಬಾಗಲಕೋಟೆಯಲ್ಲಿ ಸಂಜೆ 7 ಆದಾಗ, ಇಲ್ಲಿ ಮಧ್ಯಾಹ್ನ 3.30ಕ್ಕೆ, ಬಿಸಿಲಿಗೇ ಕೈಮುಗಿದಳು.

ರಾತ್ರಿ ಹನ್ನೆರಡರ ಬಿಸಿಲಲ್ಲಿ ಕೇಳಿದಳು, "ಎಷ್ಟ ಆಳ ಐತೋ?"

"ಸಾವಿರಾರು ಅಡಿ."

"ತಳದಾಗ ಯಾರ ಮನೀನೂ ಇಲ್ಲಲ್ಲ?"

"ಇಲ್ಲವ್ವಾ."

"ಹಂಗಾದ್ರ ಇನ್ನಷ್ಟ ಹೊತ್ತ ಕೂಡೂಣು" ಅಂದಳು. ನಾನು ಚಾ ತರಲು ಎದ್ದೆ.