ಬಾಯಿ ತೆರೆದ ಚಿರತೆ

ಹುಣಸೂರಿನ ಕಡೆ ನಮ್ಮ ತಾತನ ಊರು. ಅವರ ಮನೆಯ ಹಜಾರದ ಗೋಡೆಯ ಮೇಲೆ ಒಂದು ಚಿರತೆಯ ತಲೆ ಇತ್ತು. ಬೇಸಿಗೆ ರಜೆಗೆ ಹೋದ ಮೊಮ್ಮಕ್ಕಳೆಲ್ಲ ಅದರ ಕೆಳಗೇ ಸಾಲಾಗಿ ಮಲಗಬೇಕಿತ್ತು. ತೆರೆದ ಬಾಯಿ, ಕೋರೆಹಲ್ಲು, ಕೆಂಪು ನಾಲಿಗೆ. ಲಾಂದ್ರದ ಬತ್ತಿ ಇಳಿಸಿದ ಮೇಲೂ ಗಾಜಿನ ಕಣ್ಣುಗಳು ಮಿನುಗುತ್ತಿದ್ದವು. "ಗಲಾಟೆ ಮಾಡಿದ್ರೆ ಇಳಿದು ಬರುತ್ತೆ" ಎಂದು ಅಜ್ಜಿ ಹೇಳಿದರೆ ಸಾಕು, ಕಂಬಳಿಯೊಳಗಿಂದ ಉಸಿರೂ ಕೇಳಿಸುತ್ತಿರಲಿಲ್ಲ.

ಕೊಟ್ಟಿಗೆಯ ಕರುವನ್ನು ಹೊತ್ತೊಯ್ದ ಚಿರತೆಯನ್ನು ತಾತ 1956ರಲ್ಲಿ ಹೊಡೆದಿದ್ದರು. ಚರ್ಮಕ್ಕೆ ಉಪ್ಪು ಸವರಿ, ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ಮೈಸೂರಿಗೆ ಒಯ್ದು 'ಇಂಗನ್ ದೊರೆಗಳ ಕಾರ್ಖಾನೆ'ಗೆ ಕೊಟ್ಟು ಬಂದರಂತೆ. ಆ ವರ್ಷದ ಹೊಗೆಸೊಪ್ಪಿನ ಹಣದಲ್ಲಿ ಒಂದು ಪಾಲು ಅಲ್ಲಿಗೇ ಹೋಯಿತು. "ಕರುವೂ ಹೋಯ್ತು, ದುಡ್ಡೂ ಹೋಯ್ತು, ಮನೆಗೆ ಬಂದಿದ್ದು ಬರೀ ತಲೆ" ಎಂದು ಅಜ್ಜಿ ಕೊನೆಯವರೆಗೂ ಗೊಣಗುತ್ತಿದ್ದರು. "ಅದು ಹೀಗೇ ಗರ್ಜಿಸಿತಾ ತಾತ?" ಎಂದು ನಾವು ಕೇಳಿದರೆ ಮಾತ್ರ ತಾತ ಉತ್ತರಿಸದೆ ಎಲೆ ಅಡಿಕೆ ಚೀಲಕ್ಕೆ ಕೈ ಹಾಕುತ್ತಿದ್ದರು.

ತಾತ ಹೇಳುತ್ತಿದ್ದ ಆ ದೊರೆಗಳು ವ್ಯಾನ್ ಇಂಗೆನ್ ಮನೆತನದವರು. ಯೂಜೀನ್ ವ್ಯಾನ್ ಇಂಗೆನ್ 1900ರ ಸುಮಾರಿಗೆ ಮೈಸೂರಿನಲ್ಲಿ ಆರಂಭಿಸಿದ ಈ ಸಂಸ್ಥೆ ಜಗತ್ತಿನಲ್ಲೇ ಹೆಸರಾಗಿತ್ತು. ಮಹಾರಾಜರು, ಬ್ರಿಟಿಷ್ ಅಧಿಕಾರಿಗಳು ಬೇಟೆಯಾಡಿದ ಪ್ರಾಣಿಗಳ ಚರ್ಮ ಅಲ್ಲಿಗೆ ಬರುತ್ತಿತ್ತು. ಹುಲಿ ಚಿರತೆಗಳನ್ನಷ್ಟೇ ಲೆಕ್ಕ ಹಾಕಿದರೂ ನಲವತ್ತು ಸಾವಿರಕ್ಕಿಂತ ಹೆಚ್ಚು ಅವರ ಕೈಯಲ್ಲಿ ಹಾದುಹೋಗಿವೆ. ನಮ್ಮ ಕಾಡುಗಳಲ್ಲಿ ಎಷ್ಟು ಪ್ರಾಣಿಗಳು ಸತ್ತವು ಎಂಬುದಕ್ಕೂ ಅದೇ ಲೆಕ್ಕ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕೆಲಸ ಕ್ಷೀಣಿಸಿತು. 1999ರಲ್ಲಿ ಸಂಸ್ಥೆ ಬಾಗಿಲು ಮುಚ್ಚಿತು.

ತಾತ ತೀರಿಕೊಂಡ ಮೇಲೆ ಆ ತಲೆ ನನ್ನ ಪಾಲಿಗೆ ಬಂತು. ನಾನು ಆಗತಾನೇ ವಿಜ್ಞಾನದ ಮೇಷ್ಟ್ರಾಗಿದ್ದೆ. ಶಾಲೆಯ ವಸ್ತುಪ್ರದರ್ಶನಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕೆ? ಮೇಜಿನ ಮೇಲಿಟ್ಟು, "ಮುಟ್ಟಿ ನೋಡಿ, ಹೆದರಬೇಡಿ" ಎಂದು ಮಕ್ಕಳನ್ನು ಹುರಿದುಂಬಿಸಿದೆ. ಒಬ್ಬ ಮೀಸೆ ಎಳೆದ, ಇನ್ನೊಬ್ಬಳು ಬಾಯೊಳಗೆ ಕೈ ಹಾಕಿ ಕಿರುಚಿದಳು. ಮಧ್ಯಾಹ್ನದ ಗಂಟೆ ಹೊಡೆದಾಗ ಎಲ್ಲರೂ ಅದೇ ಕೈಯಲ್ಲಿ ಬುತ್ತಿ ಬಿಚ್ಚಿ ಉಂಡರು. ಹೀಗೆ ಮೂರು ನಾಲ್ಕು ವರ್ಷ ನಡೆಯಿತು.

ಕೊನೆಗೆ ಒಂದು ಕಿವಿಯ ಬುಡ ಬಿರುಕು ಬಿಟ್ಟಿತು. 2001ರಲ್ಲಿ ಅದನ್ನು ಅಕ್ಕಿ ಚೀಲದಲ್ಲಿ ಸುತ್ತಿ, ತಾತನಂತೆಯೇ ಬಸ್ಸು ಹತ್ತಿ ಮೈಸೂರಿಗೆ ಹೋದೆ. ವಿಚಾರಿಸುತ್ತಾ ಹೋದಾಗ, ಹಿಂದೆ ಈ ಕಸುಬು ಮಾಡುತ್ತಿದ್ದ ಹಿರಿಯರೊಬ್ಬರ ಮನೆ ಸಿಕ್ಕಿತು. ಅವರು ಕನ್ನಡಕ ಏರಿಸಿ ಬಿರುಕಿನೊಳಗೆ ಇಣುಕಿ ನೋಡಿದರು. ಒಳಗೆ ಹುಲ್ಲು ತುಂಬಿದೆ ಎಂದು ನಾನು ಐವತ್ತು ಸಲವಾದರೂ ಪಾಠ ಹೇಳಿದ್ದೆ. ಅಲ್ಲಿದ್ದದ್ದು ಕಾಗದದ ಮುದ್ದೆ! ಅಚ್ಚಿನಲ್ಲಿ ಕಾಗದದ ಟೊಳ್ಳು ಆಕಾರ ಮಾಡಿ, ಅದರ ಮೇಲೆ ಹದ ಮಾಡಿದ ಚರ್ಮ ಹೊದಿಸಿ, ಗಾಜಿನ ಕಣ್ಣು ಕೂರಿಸಿ ಹೊಲಿಯುತ್ತಿದ್ದರಂತೆ.

"ರಿಪೇರಿ ಮಾಡಿಕೊಡ್ತೀರಾ?" ಎಂದೆ.

"ಕಾಗದಪತ್ರ ಇದೆಯಾ ಮೇಷ್ಟ್ರೇ?" ಎಂದರು. ನನ್ನ ಬಳಿ ಇರಲಿಲ್ಲ. ಪರವಾನಗಿ ಇಲ್ಲದೆ ತಾವೂ ಈ ಕೆಲಸಕ್ಕೆ ಕೈ ಹಚ್ಚುವಂತಿಲ್ಲ ಎಂದರು. ಆಮೇಲೆ ನಿಧಾನವಾಗಿ ಕೇಳಿದರು, "ಇದನ್ನ ಮಕ್ಕಳು ಮುಟ್ಟುತ್ತಾರಾ?"

ನಾನು ಹೆಮ್ಮೆಯಿಂದ ಹೌದೆಂದೆ. ಅವರು ತಲೆ ಅಲ್ಲಾಡಿಸಿದರು. "ಹುಳ ಹಿಡಿಯಬಾರದು ಅಂತ ಹಳೇ ಕಾಲದಲ್ಲಿ ಪಾಷಾಣ ಹಚ್ಚುತ್ತಿದ್ದೆವು. ಕೈ ತೊಳೆಸಿ ಸ್ವಾಮೀ."

ಪಾಷಾಣವೆಂದರೆ ಆರ್ಸೆನಿಕ್. ಅದರ ಸಂಯುಕ್ತವನ್ನು ಸಾಬೂನಿನಲ್ಲಿ ಬೆರೆಸಿ ಚರ್ಮದ ಒಳಮೈಗೆ ಸವರುವ ಪದ್ಧತಿ ಹಿಂದೆ ಬಹಳ ಕಡೆ ಇತ್ತು. ಆರ್ಸೆನಿಕ್ ಒಂದು ಧಾತು. ವರ್ಷ ಎಷ್ಟು ಕಳೆದರೂ ಅದು ಕೊಳೆತು ಇಲ್ಲವಾಗುವುದಿಲ್ಲ. ಚರ್ಮ ಬಿರಿದರೆ ಧೂಳಾಗಿ ಹೊರಬರುತ್ತದೆ. ಧಾತುಗಳ ಪಾಠ ಮಾಡುತ್ತಿದ್ದ ನನಗೆ ಇದು ಹೊಳೆದಿರಲಿಲ್ಲ.

ಹೊರಡುವಾಗ ಅವರು ಚಿರತೆಯ ಬಾಯಿಯನ್ನು ತೋರಿಸಿ ನಕ್ಕರು. "ಈ ಗರ್ಜನೆ ನಮ್ಮದು. ಪ್ರಾಣಿ ಹೆಂಗೇ ಸತ್ತಿರಲಿ, ಗಿರಾಕಿಗಳು ಬಾಯಿ ತೆಗೆಸಿ ಅಂತಿದ್ದರು."

ತಾತ ಎಲೆ ಅಡಿಕೆ ಚೀಲಕ್ಕೆ ಏಕೆ ಕೈ ಹಾಕುತ್ತಿದ್ದರೆಂದು ಬಸ್ಸಿನಲ್ಲಿ ಹೊಳೆಯಿತು. ಊರಿಗೆ ಹೋಗಿ ಅಜ್ಜಿಯನ್ನು ಕೇಳಿದೆ. "ಕೆರೆ ಏರಿ ಹತ್ರ ನೀರು ಕುಡೀತಿತ್ತಂತೆ ಕಣಪ್ಪ" ಎಂದರು.

ಮರುದಿನ ತರಗತಿಯಲ್ಲಿ ನನ್ನ ತಪ್ಪನ್ನು ಮಕ್ಕಳ ಮುಂದೆ ಒಪ್ಪಿಕೊಂಡೆ. ಆ ಹಿಂದಿನ ವರ್ಷಗಳಲ್ಲಿ ಓದಿ ಹೋದವರಲ್ಲಿ ಸಿಕ್ಕಷ್ಟು ಮಂದಿಗೂ ತಿಳಿಸಿದೆ. ಅದೃಷ್ಟಕ್ಕೆ ಯಾರಿಗೂ ತೊಂದರೆ ಆದದ್ದು ನನ್ನ ಕಿವಿಗೆ ಬೀಳಲಿಲ್ಲ. ಆದರೂ "ಮುಟ್ಟಿ ನೋಡಿ" ಎಂದ ನನ್ನ ದನಿ ಈಗಲೂ ನನ್ನನ್ನು ಚುಚ್ಚುತ್ತದೆ. 2003ರಲ್ಲಿ ಇಂಥ ವಸ್ತುಗಳನ್ನು ಘೋಷಿಸಲು ಸರ್ಕಾರ 180 ದಿನಗಳ ಅವಕಾಶ ಕೊಟ್ಟಾಗ ಅರ್ಜಿ ಬರೆದು, ತಲೆಯನ್ನು ಅರಣ್ಯ ಇಲಾಖೆಗೇ ಒಪ್ಪಿಸಿದೆ.

2023ರ ಅಕ್ಟೋಬರ್‌ನಲ್ಲಿ ಹುಲಿಯುಗುರಿನ ಪದಕಗಳ ಗದ್ದಲ ಎದ್ದಾಗ ಹಲವು ಪೋಷಕರು ನನ್ನನ್ನು ವಿಚಾರಿಸಿದರು. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಅಜ್ಜನ ಕಾಲದ ತಲೆ, ಚರ್ಮ, ಉಗುರು ಮನೆಯಲ್ಲಿದ್ದರೆ ಮಾಲೀಕತ್ವದ ಪ್ರಮಾಣಪತ್ರ ಇದೆಯೇ ನೋಡಿ. ಮಾರುವುದು, ಉಡುಗೊರೆ ಕೊಡುವುದು ಬೇಡ. ನನ್ನಂತೆ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಲೂ ಬೇಡಿ, ಅರಣ್ಯ ಇಲಾಖೆಯವರನ್ನು ಕೇಳಿ. ಅಲ್ಲಿಯವರೆಗೆ ಮಕ್ಕಳನ್ನು ಅದರಿಂದ ದೂರವಿಡಿ.

ಕೆಲವು ವರ್ಷಗಳ ಹಿಂದೆ ಮಕ್ಕಳನ್ನು ನಾಗರಹೊಳೆಗೆ ಕರೆದುಕೊಂಡು ಹೋಗಿದ್ದೆ. ಮರದ ಕೊಂಬೆಯ ಮೇಲೆ ಚಿರತೆಯೊಂದು ಕಾಲು ಇಳಿಬಿಟ್ಟು ಮಲಗಿತ್ತು. ಒಮ್ಮೆ ನಮ್ಮತ್ತ ನೋಡಿ ಕಣ್ಣು ಮುಚ್ಚಿತು. ಒಬ್ಬ ಹುಡುಗ ಪಿಸುಗುಟ್ಟಿದ, "ಸಾರ್, ಇದು ಬಾಯಿ ತೆಗೆಯಲ್ವಾ?"

"ಅದಕ್ಕೆ ಬೇಕು ಅನ್ನಿಸಿದಾಗ ತೆಗೆಯುತ್ತೆ ಕಣೋ" ಎಂದೆ.