ಎಂಜಿನ್ ಬದಲಿಸಿದರೆ ಸಾಕೇ?

ಕಾರಿನ ಬಾನೆಟ್ ಎತ್ತಿದರೆ ಎಲ್ಲರ ಕಣ್ಣೂ ಹೋಗುವುದು ಎಂಜಿನ್ ಕಡೆಗೆ. ಹಿಂದಿನ ಚಕ್ರಗಳ ನಡುವೆ, ಧೂಳು, ಗ್ರೀಸು ಮೆತ್ತಿಕೊಂಡು ಕುಳಿತ ಉಕ್ಕಿನ ಗುಂಡನ್ನು ಬಗ್ಗಿ ನೋಡುವವರು ಕಡಿಮೆ. ಲಾರಿಯ ಹಿಂದೆ ನಿಂತವರು ಅದನ್ನು ಕಂಡಿರುತ್ತಾರೆ. ಅಚ್ಚಿನ ಮಧ್ಯೆ ಮಡಕೆಯಂತೆ ಉಬ್ಬಿಕೊಂಡಿರುವ ಭಾಗ ಅದು. ಅದರೊಳಗೆ ಇರುವುದೇ ಡಿಫರೆನ್ಶಿಯಲ್. ಸಣ್ಣ ಕಾರಿಗೆ ದೊಡ್ಡ ಎಂಜಿನ್ ಕೂರಿಸುವ ಉತ್ಸಾಹಿಗಳು ಮೊದಲು ಮರೆಯುವುದೂ, ಮೊದಲು ಮುರಿಯುವುದೂ ಸಾಮಾನ್ಯವಾಗಿ ಇದನ್ನೇ.

ಇದನ್ನು ಮರೆಯದಿದ್ದ ಒಂದು ಪ್ರಸಂಗ ಮೋಟಾರು ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಅಮೆರಿಕದ ಟೆಕ್ಸಾಸ್‌ನ ಕ್ಯಾರಲ್ ಶೆಲ್ಬಿ ಕೋಳಿ ಸಾಕಿ ಕೈಸುಟ್ಟುಕೊಂಡವನು. ಆಮೇಲೆ ರೇಸಿಗೆ ಇಳಿದು 1959ರಲ್ಲಿ ಫ್ರಾನ್ಸ್‌ನ ಲಮಾನ್ 24 ಗಂಟೆಗಳ ಓಟವನ್ನು ಜೊತೆಗಾರನೊಂದಿಗೆ ಗೆದ್ದವನು. ಹೃದಯದ ಕಾಯಿಲೆಯಿಂದಾಗಿ 1960ರಲ್ಲಿ ರೇಸು ಬಿಡಬೇಕಾಯಿತು. ಓಡಿಸಲಾಗದಿದ್ದರೆ ಕಟ್ಟಬಹುದಲ್ಲ ಎಂದುಕೊಂಡ. ಇಂಗ್ಲೆಂಡಿನ ಎ.ಸಿ. ಕಾರ್ಸ್ ಎಂಬ ಸಣ್ಣ ಕಂಪನಿ 'ಏಸ್' ಎಂಬ ಹಗುರವಾದ ಸ್ಪೋರ್ಟ್ಸ್ ಕಾರು ಮಾಡುತ್ತಿತ್ತು. ಅದಕ್ಕೆ ಬಳಸುತ್ತಿದ್ದ ಎರಡು ಲೀಟರಿನ ಬ್ರಿಸ್ಟಲ್ ಎಂಜಿನ್‌ನ ತಯಾರಿಕೆ 1961ರಲ್ಲಿ ನಿಂತುಹೋಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಶೆಲ್ಬಿ ಕಾಗದ ಬರೆದ: ನಿಮ್ಮ ಕಾರಿನಲ್ಲಿ ಎಂಟು ಸಿಲಿಂಡರಿನ ವಿ-8 ಎಂಜಿನ್ ಕೂರುವಂತೆ ಮಾಡಿಕೊಡುತ್ತೀರಾ? ಫೋರ್ಡ್ ಕಂಪನಿ ಎಂಜಿನ್ ಕೊಡಲು ಒಪ್ಪಿತು.

1962ರ ಫೆಬ್ರುವರಿಯಲ್ಲಿ ಎಂಜಿನ್ ಇಲ್ಲದ ಆ ಕಾರು ವಿಮಾನದಲ್ಲಿ ಲಾಸ್ ಏಂಜಲೀಸ್‌ಗೆ ಬಂದಿಳಿಯಿತು. ಶೆಲ್ಬಿಯ ತಂಡ ಒಂದು ವರ್ಕ್‌ಶಾಪಿನಲ್ಲಿ ಎಂಟು ಗಂಟೆಗಳೊಳಗೆ ಎಂಜಿನ್ನು, ಗೇರ್‌ಬಾಕ್ಸು ಜೋಡಿಸಿ ರಸ್ತೆಗೆ ಇಳಿಸಿತು. ಹೀಗೆ ಹುಟ್ಟಿದ್ದು 'ಕೋಬ್ರಾ'. ಕೇಳಿದವರು ಎಂಟು ಗಂಟೆಯ ಸಾಹಸವನ್ನು ಹೊಗಳುತ್ತಾರೆ. ಆದರೆ ಅಷ್ಟು ಬೇಗ ಮುಗಿದದ್ದು, ಕಣ್ಣಿಗೆ ಬೀಳದ ಕೆಲಸ ಇಂಗ್ಲೆಂಡಿನ ಥೇಮ್ಸ್ ಡಿಟನ್‌ನಲ್ಲಿ ಮೊದಲೇ ಮುಗಿದಿದ್ದರಿಂದ. ಅಲ್ಲಿನ ಮೆಕ್ಯಾನಿಕ್‌ಗಳು ಅಗಲವಾದ ಎಂಜಿನ್‌ಗೆ ಜಾಗ ಬಿಡಲು ಸ್ಟೀರಿಂಗ್ ಬಾಕ್ಸನ್ನು ಪಕ್ಕಕ್ಕೆ ಸರಿಸಿದ್ದರು. ಅದಕ್ಕಿಂತ ಮುಖ್ಯವಾಗಿ, ಹಳೆಯ ಇ.ಎನ್.ವಿ. ಡಿಫರೆನ್ಶಿಯಲ್ ತೆಗೆದು, ಜಾಗ್ವಾರ್ ಇ-ಟೈಪ್ ಕಾರಿನಲ್ಲಿದ್ದಂಥ ಗಟ್ಟಿಯಾದ ಸಾಲಿಸ್‌ಬರಿ ಡಿಫರೆನ್ಶಿಯಲ್ ಹಾಕಿದ್ದರು.

ಅದು ಏಕೆ ಬೇಕಾಯಿತು? ಡಿಫರೆನ್ಶಿಯಲ್‌ಗೆ ಮೂರು ಕೆಲಸ. ಉದ್ದಕ್ಕೆ ಬರುವ ಶಾಫ್ಟಿನ ತಿರುಗುವಿಕೆಯನ್ನು ಚಕ್ರಗಳ ಕಡೆಗೆ ಅಡ್ಡಕ್ಕೆ ತಿರುಗಿಸುವುದು ಒಂದು. ವೇಗ ತಗ್ಗಿಸಿ ತಿರುಗಿಸುವ ಬಲವನ್ನು, ಅಂದರೆ ಟಾರ್ಕನ್ನು ಹೆಚ್ಚಿಸುವುದು ಎರಡನೆಯದು. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಓಡಲು ಬಿಡುವುದು ಮೂರನೆಯದು. ಮೊದಲ ಎರಡು ಕೆಲಸಗಳೂ ನಡೆಯುವುದು ಒಂದು ಚಿಕ್ಕ ಪಿನಿಯನ್ ಹಾಗೂ ಒಂದು ದೊಡ್ಡ ಕ್ರೌನ್ ವೀಲ್‌ನ ಕೆಲವೇ ಹಲ್ಲುಗಳ ಮೇಲೆ. ಇಡೀ ಎಂಜಿನ್‌ನ ಬಲ ಆ ಹಲ್ಲುಗಳ ಮೂಲಕವೇ ಹಾದುಹೋಗಬೇಕು.

ವಿದ್ಯಾರ್ಥಿಗಳು ಕಾಗದ, ಪೆನ್ಸಿಲ್ ಹಿಡಿದು ಒಂದು ಲೆಕ್ಕ ಮಾಡಿ ನೋಡಬಹುದು. ಸಣ್ಣ ಎಂಜಿನ್‌ನ ಟಾರ್ಕ್ 150 ನ್ಯೂಟನ್ ಮೀಟರ್ ಎನ್ನಿ. ಮೊದಲ ಗೇರು ಅದನ್ನು 2.4 ಪಟ್ಟು, ಡಿಫರೆನ್ಶಿಯಲ್ ಮತ್ತೆ 3.5 ಪಟ್ಟು ಹೆಚ್ಚಿಸಿದರೆ ಕ್ರೌನ್ ವೀಲ್ ಮೇಲೆ 1260 ನ್ಯೂಟನ್ ಮೀಟರ್ ಬೀಳುತ್ತದೆ. ಅದೇ ಗೇರುಗಳ ಮುಂದೆ 350 ನ್ಯೂಟನ್ ಮೀಟರಿನ ಎಂಜಿನ್ ಇಟ್ಟರೆ 2940. ಆದರೆ ಇಷ್ಟೂ ಬಲ ನೆಲಕ್ಕೆ ತಲುಪುವುದೇ? ಇಲ್ಲ. ಹಿಂದಿನ ಚಕ್ರಗಳ ಮೇಲೆ 550 ಕಿಲೋಗ್ರಾಂ ಭಾರವಿದ್ದು, ಟೈರಿನ ಘರ್ಷಣಾಂಕ 1 ಆಗಿದ್ದು, ಚಕ್ರದ ತ್ರಿಜ್ಯ 0.3 ಮೀಟರ್ ಆದರೆ, ಸುಮಾರು 1650 ನ್ಯೂಟನ್ ಮೀಟರ್ ದಾಟುತ್ತಲೇ ಟೈರು ಜಾರಿ ಸುತ್ತತೊಡಗುತ್ತದೆ. ಟೈರು ಇಲ್ಲಿ ಮನೆಯ ವಿದ್ಯುತ್ ಫ್ಯೂಸಿನಂತೆ.

ಇಲ್ಲೇ ಒಂದು ಸ್ವಾರಸ್ಯವಿದೆ. ಎಂಜಿನ್ ಬದಲಿಸಿದವರು ಟೈರು ಜಾರುವುದನ್ನು ನೋಡಿ ಅಗಲವಾದ, ಒಳ್ಳೆಯ ಹಿಡಿತದ ಟೈರು ತರುತ್ತಾರೆ. ಫ್ಯೂಸಿನ ತಂತಿ ದಪ್ಪಗಾಯಿತು! ಘರ್ಷಣಾಂಕ 1.3 ಆದರೆ ಮಿತಿ 2145ಕ್ಕೆ ಏರುತ್ತದೆ. ಇದರ ಮೇಲೆ, ಎಂಜಿನ್ ಭರ್ರೆಂದು ತಿರುಗುತ್ತಿರುವಾಗ ಕ್ಲಚ್ಚನ್ನು ತಟ್ಟನೆ ಬಿಟ್ಟರೆ ಬೀಳುವ ಹೊಡೆತ ಬೇರೆ. ನಿಧಾನವಾಗಿ ಒತ್ತಿದರೆ ತಡೆಯುವ ಹಲ್ಲು ಸುತ್ತಿಗೆಯ ಪೆಟ್ಟಿಗೆ ಮುರಿಯುತ್ತದೆ. ಆದ್ದರಿಂದ ಡಿಫರೆನ್ಶಿಯಲ್ ಆರಿಸುವವರು ಎಂಜಿನ್‌ನ ಅಶ್ವಶಕ್ತಿಯನ್ನಷ್ಟೇ ಕೇಳಿದರೆ ಸಾಲದು. ಕಾರಿನ ತೂಕ ಎಷ್ಟು, ಟೈರು ಯಾವುದು, ಓಡಿಸುವವರ ಕಾಲಿನ ಸ್ವಭಾವ ಎಂಥದು ಎಂದೂ ಕೇಳಬೇಕು.

ಗಾತ್ರದ ಲೆಕ್ಕವೂ ಸರಳ. ಟಾರ್ಕನ್ನು ತ್ರಿಜ್ಯದಿಂದ ಭಾಗಿಸಿದರೆ ಹಲ್ಲಿನ ಮೇಲಿನ ಬಲ ಸಿಗುತ್ತದೆ. 1650 ನ್ಯೂಟನ್ ಮೀಟರನ್ನು 15 ಸೆಂಟಿಮೀಟರ್ ವ್ಯಾಸದ ಕ್ರೌನ್ ಹೊತ್ತರೆ ಹಲ್ಲಿಗೆ 22,000 ನ್ಯೂಟನ್. 22 ಸೆಂಟಿಮೀಟರಿನದಾದರೆ 15,000 ಮಾತ್ರ. ಜಪಾನಿನ ಮಾಜ್ದಾ ಮಿಯಾಟಾ ಎಂಬ ಪುಟ್ಟ ಸ್ಪೋರ್ಟ್ಸ್ ಕಾರಿನಲ್ಲಿ ಮೊದಲು 6 ಅಂಗುಲದ ಕ್ರೌನ್ ಇತ್ತು. 1994ರಲ್ಲಿ ಎಂಜಿನ್ 1.6 ಲೀಟರಿನಿಂದ 1.8ಕ್ಕೆ ಏರಿದಾಗ ಕಂಪನಿಯೇ ಅದನ್ನು 7 ಅಂಗುಲ ಮಾಡಿತು. ಇದೇ ಕಾರಿಗೆ ವಿ-8 ಎಂಜಿನ್ ಹಾಕುವ ಅಮೆರಿಕದ ಹವ್ಯಾಸಿಗಳಲ್ಲಿ ಹಲವರು ಫೋರ್ಡ್‌ನ 8.8 ಅಂಗುಲದ ಡಿಫರೆನ್ಶಿಯಲ್ ಹುಡುಕಿ ತರುತ್ತಾರೆ.

ಹಾಗೆಂದು ಲಾರಿಯದನ್ನೇ ತಂದು ಕಟ್ಟುವುದೂ ಜಾಣತನವಲ್ಲ. ತೂಕ ಹೆಚ್ಚುತ್ತದೆ, ಕಾರಿನ ಹಗುರತನವೇ ಹೋಗುತ್ತದೆ. ಡಿಫರೆನ್ಶಿಯಲ್ ಗಟ್ಟಿಯಾದ ಮೇಲೆ ಹೊಡೆತ ಪಕ್ಕದವರ ಪಾಲಾಗುತ್ತದೆ. ಚಕ್ರಕ್ಕೆ ಹೋಗುವ ಶಾಫ್ಟು, ಅದರ ಜಾಯಿಂಟು, ಕೊನೆಗೆ ಷಾಸಿ. 1965ರಲ್ಲಿ ಕೋಬ್ರಾಕ್ಕೆ ಏಳು ಲೀಟರಿನ ಎಂಜಿನ್ ಬಂದಾಗ ಷಾಸಿಯನ್ನೇ ಹೊಸದಾಗಿ ಮಾಡಬೇಕಾಯಿತು. ಮೊದಲಿದ್ದ 3 ಅಂಗುಲದ ಕೊಳವೆಗಳ ಜಾಗಕ್ಕೆ 4 ಅಂಗುಲದವು ಬಂದವು. ಪಟ್ಟಿ ಸ್ಪ್ರಿಂಗುಗಳ ಬದಲು ಸುರುಳಿ ಸ್ಪ್ರಿಂಗು ಬಂತು.

ಶೆಲ್ಬಿಯ ಬದುಕಿನಲ್ಲೂ ಎಂಜಿನ್ ಬದಲಾಯಿತು. 1990ರಲ್ಲಿ ಅವನಿಗೆ ಇನ್ನೊಬ್ಬರ ಹೃದಯ ಜೋಡಿಸಿದರು. ಇಂಥ ಶಸ್ತ್ರಚಿಕಿತ್ಸೆಗೆ ಮುನ್ನ ವೈದ್ಯರು ರೋಗಿಯ ಶ್ವಾಸಕೋಶದ ರಕ್ತನಾಳಗಳಲ್ಲಿನ ಒತ್ತಡವನ್ನು ಅಳೆಯುತ್ತಾರೆ. ಅದು ಮಿತಿ ಮೀರಿದ್ದರೆ, ಎಷ್ಟೇ ಆರೋಗ್ಯವಂತ ಹೃದಯ ತಂದಿಟ್ಟರೂ ಸೋತುಬಿಡಬಹುದು. ಶೆಲ್ಬಿ ಆಮೇಲೆ 22 ವರ್ಷ ಬದುಕಿ 2012ರಲ್ಲಿ ತೀರಿಕೊಂಡ.

ಮನೆಗಳಲ್ಲೂ ಎಂಜಿನ್ ಬದಲಿಸುವ ಕಾಲ ಬರುತ್ತದೆ. ಹತ್ತನೇ ತರಗತಿಯ ಫಲಿತಾಂಶ ಬಂದ ವಾರ ಅಪ್ಪ-ಅಮ್ಮ ದೊಡ್ಡ ಕಾಲೇಜು, ದೊಡ್ಡ ಕೋಚಿಂಗು, ದಿನಕ್ಕೆ ಹನ್ನೆರಡು ಗಂಟೆಯ ಓದು ಎಂದು ಯೋಜನೆ ಹಾಕುತ್ತಾರೆ. ಮಗು ಆಗಬಹುದು ಎನ್ನುತ್ತದೆ. ಆ ಓದೆಲ್ಲ ಹಾದುಹೋಗಬೇಕಾದ ಹಲ್ಲುಗಳು ಬೇರೆಯೇ ಇವೆ: ಭಿನ್ನರಾಶಿ, ಬೀಜಗಣಿತ, ಓದಿದ್ದನ್ನು ಸ್ವಂತ ಮಾತಿನಲ್ಲಿ ಬರೆಯುವ ಅಭ್ಯಾಸ, ರಾತ್ರಿಯ ನಿದ್ದೆ. ಅವು ಸವೆದಿದ್ದರೆ ಮೊದಲ ಕಿರುಪರೀಕ್ಷೆಯಲ್ಲೇ ಕಟಕಟ ಸದ್ದು ಕೇಳುತ್ತದೆ. ಅದನ್ನು ಸೋಮಾರಿತನವೆಂದು ಬೈಯುವುದೂ ಉಂಟು. ಬದಲಿಸಲು, ಗಟ್ಟಿಮಾಡಲು ಬೇಸಿಗೆ ರಜೆಯಷ್ಟು ಸಮಯವಂತೂ ಇದ್ದೇ ಇರುತ್ತದೆ. ಕಾಲೇಜಿನ ಅರ್ಜಿ ತುಂಬುವ ಮೊದಲು ಅಂಕಪಟ್ಟಿಯ ಜೊತೆಗೆ ಒಂಬತ್ತನೇ ತರಗತಿಯ ಗಣಿತದ ನೋಟ್‌ಬುಕ್ಕನ್ನೂ ಮಗುವಿನ ಪಕ್ಕದಲ್ಲಿ ಕುಳಿತು ಒಮ್ಮೆ ತೆರೆದು ನೋಡುವುದು ಒಳ್ಳೆಯದು.