ಸೊಳ್ಳೆ ತಿನ್ನಲು ಬಂದ ಕಪ್ಪೆ

ಹವಾಯಿಯ ಹೊನೊಲುಲುವಿನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಒಂದು ಬೆಳಿಗ್ಗೆ ಅವಳೂ ಎಂಟು ವರ್ಷದ ಮೊಮ್ಮಗನೂ ಮನೋವಾ ಕಣಿವೆಯ ಜಲಪಾತ ತೋರಿಸಲು ಕರೆದೊಯ್ದರು. ಮಳೆ ಆಗಷ್ಟೇ ನಿಂತಿತ್ತು. ಕೆಸರು ದಾರಿ, ಬಿದಿರು ಮೆಳೆ, ಪೇರಲೆ ಗಿಡ. ತೀರ್ಥಹಳ್ಳಿಯ ನಮ್ಮ ಗುಡ್ಡಕ್ಕೇ ಬಂದ ಹಾಗಾಯಿತು. ಸೊಳ್ಳೆಗಳೂ ಊರಿನವುಗಳಂತೆಯೇ ಕಚ್ಚಿದವು.

"ಅಜ್ಜೀ, ಇಲ್ಲಿ ನೋಡು!"

ತರಗೆಲೆಯ ಮೇಲೆ ಹೆಬ್ಬೆರಳಿನಷ್ಟು ದೊಡ್ಡ ಕಪ್ಪೆ. ಮಿರಮಿರ ಮಿಂಚುವ ಹಸಿರು ಮೈ, ಮೇಲೆ ಮಸಿ ಚೆಲ್ಲಿದಂತೆ ಕಪ್ಪು ಪಟ್ಟೆ. ಹಾಡುಹಗಲಲ್ಲಿ, ಯಾರ ಹೆದರಿಕೆಯೂ ಇಲ್ಲದೆ ಕುಳಿತಿತ್ತು. ಹುಡುಗ ನೀರಿನ ಬಾಟಲಿ ಖಾಲಿ ಮಾಡಿ ಕೈ ಚಾಚಿದ. ಮಗಳು ಮೊದಲೇ ಎಚ್ಚರಿಸಿದ್ದಳಲ್ಲ, ನಾನು ಅವನ ತೋಳು ಹಿಡಿದು ಎಳೆದ ರಭಸಕ್ಕೆ ಇಬ್ಬರೂ ಕೆಸರಿನಲ್ಲಿ ಕುಳಿತೆವು.

ಅದು ವಿಷದ ಕಪ್ಪೆ. ಮುಟ್ಟಿದ ಮಾತ್ರಕ್ಕೆ ಜೀವ ಹೋಗುವುದಿಲ್ಲ. ಆದರೆ ಆ ಕೈ ಕಣ್ಣಿಗೋ ಬಾಯಿಗೋ ಹೋದರೆ ಕಷ್ಟ.

ಹವಾಯಿಯಲ್ಲಿ ಮೊದಲು ಕಪ್ಪೆಯೇ ಇರಲಿಲ್ಲ, ಮಕ್ಕಳೇ. ಸೊಳ್ಳೆಯೂ ಇರಲಿಲ್ಲ! 1826ರ ಸುಮಾರಿಗೆ ಹಡಗಿನ ನೀರಿನ ಪೀಪಾಯಿಯಲ್ಲಿ ಸೊಳ್ಳೆ ಬಂತು. ಆಮೇಲೆ ಸೊಳ್ಳೆಯಿಂದ ಹರಡಿದ ಕಾಯಿಲೆಗೆ ಅಲ್ಲಿಯ ಎಷ್ಟೋ ಹಕ್ಕಿಗಳು ಅಳಿದುಹೋದವು. ಸೊಳ್ಳೆ ತಿನ್ನಲಿ ಎಂದು 1932ರಲ್ಲಿ ಪನಾಮಾ ದೇಶದಿಂದ 206 ಕಪ್ಪೆಗಳನ್ನು ತಂದು ಇದೇ ಕಣಿವೆಯಲ್ಲಿ ಬಿಟ್ಟರು. ಕಪ್ಪೆಗಳೇನೋ ಸುಖವಾಗಿ ಬೆಳೆದವು. ಸೊಳ್ಳೆ? ನನ್ನ ಮೊಣಕಾಲು ನೋಡಬೇಕಿತ್ತು ನೀವು!

ಅದರ ವಿಷದ ಕಥೆ ಇನ್ನೂ ಚೆನ್ನ. ವಿಷ ಬರುವುದು ಅದು ತಿನ್ನುವ ಇರುವೆ, ನುಸಿಗಳಿಂದ. ಗಾಜಿನ ಪೆಟ್ಟಿಗೆಯಲ್ಲಿ ಹುಟ್ಟಿ, ಹಣ್ಣಿನ ನೊಣ ತಿಂದು ಬೆಳೆದ ಕಪ್ಪೆಗೆ ವಿಷವೇ ಇರುವುದಿಲ್ಲ. ಹವಾಯಿಯ ಕಪ್ಪೆಯ ವಿಷವೂ ಪನಾಮಾದ ನೆಂಟರದ್ದರಂತಿಲ್ಲ; ಊಟ ಬೇರೆಯಾಯಿತಲ್ಲ!

"ಹಾಗಾದ್ರೆ ಇದು ಪನಾಮಾದ್ದಾ, ಇಲ್ಲೀದಾ?" ಮೊಮ್ಮಗ ಕೇಳಿದ. ಅವನು ಹುಟ್ಟಿದ್ದೂ ಹೊನೊಲುಲುವಿನಲ್ಲೇ. ನಾನು ಸೀರೆಯ ಕೆಸರು ಒರೆಸುತ್ತಾ ಕುಳಿತೆ.

ಅಷ್ಟರಲ್ಲಿ ಕಪ್ಪೆ ತಿರುಗಿತು. ಬೆನ್ನಿಗೆ ಪುಟ್ಟ ಕಪ್ಪು ಗೊದಮೊಟ್ಟೆಯೊಂದು ಅಂಟಿಕೊಂಡಿತ್ತು.

"ಅದು ಅಪ್ಪ ಕಪ್ಪೆ ಕಣೋ," ಎಂದಳು ಮಗಳು. "ಮರದ ಪೊಟರೆಯಲ್ಲಿ ನಿಂತ ನೀರಿಗೆ ಮರಿ ಬಿಡೋಕೆ ಹೊರಟಿದೆ."

"ಕೂಸುಮರಿ!" ಎಂದ ಹುಡುಗ. ನಾನು ಕಲಿಸಿದ ಪದ.

ಬಾಟಲಿಗೆ ಮುಚ್ಚಳ ಹಾಕಿ ಚೀಲದೊಳಗೆ ಇಟ್ಟುಕೊಂಡ.